ಮೂರನೇ ಸಾಲಿನ ಹಿತ್ತಾಳೆ ಕೊಂಡಿ

2025ರ ನವೆಂಬರ್ ಹತ್ತು, ಸೋಮವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಕೆ.ಆರ್.ಪೇಟೆ ಗ್ರಾಮಾಂತರ ಠಾಣೆಯ ಬಾಗಿಲಿಗೆ ಇಪ್ಪತ್ತೆರಡರ ಹುಡುಗಿಯೊಬ್ಬಳು ಬಂದು ನಿಂತಳು. ಗಾರ್ಮೆಂಟ್ಸ್ ಕಾರ್ಖಾನೆಯ ನೀಲಿ ಮೇಲಂಗಿ ಇನ್ನೂ ಮೈಮೇಲಿತ್ತು. ಹೆಗಲಿಗೆ ಅಂಟಿದ್ದ ದಾರದ ಎಳೆಗಳನ್ನೂ ಕೊಡವಿಕೊಂಡಿರಲಿಲ್ಲ. ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದ.

"ಏನವ್ವ?" ಎಂದ ಹೆಡ್ ಕಾನ್‌ಸ್ಟೆಬಲ್ ಚಿಕ್ಕಮಾದಯ್ಯನನ್ನು ಅವಳು ದಾಟಿ ಬಂದಳು. ಒಳಗೆ ಮೇಜಿನ ಹಿಂದೆ ಕುಳಿತಿರುವ ಇನ್ಸ್‌ಪೆಕ್ಟರ್ ಹೆಂಗಸು ಎಂದು ಖಾತ್ರಿ ಮಾಡಿಕೊಂಡು ನೇರ ಅಲ್ಲಿಗೇ ನಡೆದಳು.

"ನನ್ನೆಸ್ರು ಧನುಶ್ರೀ. ನಮ್ಮವ್ವ ದ್ಯಾವಮ್ಮ, ಬೋರಯ್ಯನೋರ ಕೋಳಿ ಫಾರಂನಲ್ಲಿ ಮೊಟ್ಟೆ ಎತ್ತೋ ಕೆಲ್ಸ. ಬೆಳಿಗ್ಗೆ ಅಲ್ಲೇ ಬಿದ್ದು ಸತ್ತೋದ್ಲು. ಆಸ್ಪತ್ರೆ ಬಾಗ್ಲಲ್ಲೇ ಫಾರಂನೋರು ಈ ಕಾಗ್ದ ತಂದು ನಮ್ಮಪ್ಪನ ಎಬ್ಬೆಟ್ಟು ಒತ್ತಿಸ್ಕೊಳಕ್ಕೆ ನಿಂತಿದ್ರು. ಕಿತ್ಕೊಂಡು ಬಂದೆ."

ಇನ್ಸ್‌ಪೆಕ್ಟರ್ ಮಂಗಳಮ್ಮ ಕಾಗದ ಬಿಡಿಸಿದಳು. 'ನನ್ನ ಹೆಂಡತಿಯು ತನ್ನ ಅಜಾಗರೂಕತೆಯಿಂದ ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾಳೆ. ಈ ಬಗ್ಗೆ ಯಾರ ಮೇಲೂ ಅನುಮಾನವಿರುವುದಿಲ್ಲ.' ಕೆಳಗೆ ಶಿವಲಿಂಗಯ್ಯ ಎಂಬ ಹೆಸರು, ಹೆಬ್ಬೆಟ್ಟಿಗೆ ಬಿಟ್ಟ ಜಾಗ.

"ನಮ್ಮವ್ವ ಜಾರೋ ಎಂಗ್ಸಲ್ಲ ಮೇಡಂ. ಅನ್ನೊಂದು ವರ್ಷ ಟ್ರೇ ಒತ್ತವ್ಳೆ. ಸತ್ತ ಮೇಲೆ ತಪ್ಪೂ ಅವ್ಳದ್ದೇ ಅನ್ನುಸ್ಕೊಂಡು ಮಣ್ಣಿಗೋಗ್ಬಾರ್ದು. ನಂಗೆ ಅಷ್ಟೇ ಬೇಕಾಗಿರೋದು."

ದೂರುಗಳಲ್ಲಿ ಜನ ಏನೇನೋ ಕೇಳುತ್ತಾರೆ. ಪರಿಹಾರ ಕೇಳುತ್ತಾರೆ, ಗಲ್ಲಿಗೆ ಹಾಕಿ ಎನ್ನುತ್ತಾರೆ. ಇಷ್ಟು ಚಿಕ್ಕದನ್ನು ಕೇಳಿ ಬಂದವರನ್ನು ಮಂಗಳಮ್ಮ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಹೆಚ್ಚು ನೋಡಿರಲಿಲ್ಲ. "ಕೂತ್ಕೊ, ನೀರು ಕುಡಿ. ಆಮೇಲೆ ಬರಿ," ಎಂದಳು. ಎರಡು ಐವತ್ತಕ್ಕೆ ಎಫ್.ಐ.ಆರ್. ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 106(1), ನಿರ್ಲಕ್ಷ್ಯದಿಂದ ಸಾವು. ಆರೋಪಿ ಕಾಲಂನಲ್ಲಿ ಫಾರಂ ಮಾಲೀಕ ಬೋರಯ್ಯ ಮತ್ತು ಇತರರು.

ನಾಲ್ಕು ಗಂಟೆಗೆ ಮಾರಗೊಂಡನಕೊಪ್ಪಲಿಗೆ ಜೀಪು ಹೋಯಿತು. ಶೆಡ್ಡು ಊರಿಂದ ಒಂದು ಕಿಲೋಮೀಟರ್ ಆಚೆ, ನಾಲೆಯ ಪಕ್ಕ. ಇಳಿಯುವ ಮೊದಲೇ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಕಾಲಿಟ್ಟೊಡನೆ ಮಹಿಳಾ ಕಾನ್‌ಸ್ಟೆಬಲ್ ಶ್ವೇತಳ ಕಣ್ಣಿಂದ ನೀರು ದಳದಳ ಇಳಿಯಿತು.

"ಅಳ್ಬ್ಯಾಡ ಕಣವ್ವ, ಪಂಚರು ನೋಡ್ತಾವ್ರೆ," ಎಂದ ಚಿಕ್ಕಮಾದಯ್ಯ.

"ಅಳ್ತಿಲ್ಲ ಸಾರ್, ಇದು ಗಾಳಿ. ನಿಮ್ಮ ಕಣ್ಣೂ ನೋಡ್ಕಳಿ."

ಮೊಟ್ಟೆ ಕೋಳಿಯ ಶೆಡ್ಡು ಅದು. ಪಂಜರಗಳು ನೆಲದಿಂದ ಎಂಟಡಿ ಮೇಲೆ ಮೂರು ಸಾಲಾಗಿದ್ದವು. ಪ್ರತಿ ಸಾಲಿನ ಉದ್ದಕ್ಕೂ ಹೆಂಗಸರು ಟ್ರೇ ಹೊತ್ತು ಓಡಾಡಲು ಹಲಗೆಯ ಕಾಲುದಾರಿ. ಹಲಗೆಗಳನ್ನು ಮೇಲಿನ ತೊಲೆಯಿಂದ ಕಬ್ಬಿಣದ ಸರಳುಗಳು ಹಿಡಿದು ತೂಗುತ್ತಿದ್ದವು. ಸರಳಿನ ತುದಿಗೊಂದು ಕೊಂಡಿ, ಸಾಲಿಗೆ ಹದಿನಾರು. ಪಂಜರದ ಕೆಳಗೆ ಎಂಟು ತಿಂಗಳ ಗೊಬ್ಬರ ಗುಡ್ಡೆಯಾಗಿ ಬಿದ್ದಿತ್ತು. ಅದು ಕೊಳೆತು ಎದ್ದ ಅಮೋನಿಯಾ ಗಾಳಿಯೇ ಕಣ್ಣಿಗೆ ಖಾರ ಎರಚುತ್ತಿತ್ತು. ಮೂರನೇ ಸಾಲಿನ ನಡುವೆ ಇಪ್ಪತ್ತಡಿ ದಾರಿ ಕಳಚಿ ಕೆಳಗೆ ನೇತಾಡುತ್ತಿತ್ತು. ದ್ಯಾವಮ್ಮ ಅಲ್ಲಿಂದ ಬಿದ್ದು, ಕಂಬದ ಕಾಂಕ್ರೀಟಿಗೆ ತಲೆ ಬಡಿದು, ಗೊಬ್ಬರದಲ್ಲಿ ಹುದುಗಿಹೋಗಿದ್ದಳು. ಒಡೆದ ಮೊಟ್ಟೆಗಳ ಮೇಲೆ ನೊಣ ಕೂತಿದ್ದವು. ಮೇಲೆ ಕೋಳಿಗಳು ಏನೂ ಆಗಿಲ್ಲವೆಂಬಂತೆ ಮೇವು ಕುಕ್ಕುತ್ತಿದ್ದವು.

"ಬನ್ನಿ ಮೇಡಂ," ಎಂದು ಬೋರಯ್ಯ ಬಂದ. ಅರವತ್ತೈದರ ಗಟ್ಟಿ ಆಳು, ಹೆಗಲ ಮೇಲೆ ಟವಲು. "ಏನ್ಮಾಡದು, ಅವಳ ಅಣೇಬರ. ಆರಾರು ಟ್ರೇ ಒರಬ್ಯಾಡ ಕಣಮ್ಮಿ ಅಂದ್ರೆ ಕೇಳೋಳಲ್ಲ."

ಮಂಗಳಮ್ಮ ಮುರಿದ ಕೊಂಡಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ಇದೇನು, ಹಿತ್ತಾಳೆನಾ?"

"ಊಂ ಮತ್ತೆ! ನಾಗಮಂಗಲದ ಎರಕ." ಅವನ ದನಿಯಲ್ಲಿ ಹೆಮ್ಮೆ ಇಣುಕಿತು. "ಈ ಗಾಳಿಗೆ ಕಬ್ಬಿಣ ಎಲ್ಡೇ ವರ್ಷಕ್ಕೆ ಅಪ್ಪಳದಂಗೆ ಉದುರ್ತದೆ. ಅಳೇ ಶೆಡ್ಡಲ್ಲಿ ಅಂಗೇ ಆಯ್ತು. ನಮ್ಮನೇಲಿ ಅಜ್ಜಿ ಕಾಲದ ಇತ್ತಾಳೆ ಅಂಡೆ ಅದೆ, ನೂರು ವರ್ಷಕ್ಕೆ ಒಂದು ಚುಕ್ಕಿ ತುಕ್ಕಿಲ್ಲ. ದೇವ್ರನ್ನೇ ಮಾಡೋ ಲೋಹ ಕಣವ್ವ, ಕೋಳಿ ಕೆಲ್ಸಕ್ಕೆ ಆಗಾಕಿಲ್ವಾ?"

ಮುರಿದ ಕೊಂಡಿಗಳು ಐದು. ಯಾವುದೂ ಬಾಗಿರಲಿಲ್ಲ, ಎಳೆದು ಸಣ್ಣಗಾಗಿರಲಿಲ್ಲ. ಬೆಲ್ಲದಚ್ಚು ಮುರಿದಂತೆ ಚಕ್ಕನೆ ಮುರಿದಿದ್ದವು.

"ಗರಗಸ ಇಕ್ಕವ್ರೆ ಮೇಡಂ," ಎಂದು ಚಿಕ್ಕಮಾದಯ್ಯ ಕಿವಿಯ ಬಳಿ ಪಿಸುಗುಟ್ಟಿದ. "ಭಾರಕ್ಕೆ ಮುರುದ್ರೆ ಇಂಗೆ ಮುರಿಯಾಕಿಲ್ಲ."

ಮಂಗಳಮ್ಮ ತಲೆಯೆತ್ತಿ ನೋಡಿದಳು. ಮೊಟ್ಟೆ ವಿಂಗಡಿಸುವ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಗೋಡೆಗೆ ಒರಗಿ ನಿಂತಿದ್ದಳು. ಮುಖ ಜ್ವರಕ್ಕೆ ಬಾಡಿತ್ತು. ಬೋರಯ್ಯನ ಸೊಸೆ ರಂಜಿತ. ಮಗ ಮಂಜುನಾಥ ಟ್ರೇ ಲಾರಿಯ ಜೊತೆ ಮೈಸೂರಿಗೆ ಹೋಗಿದ್ದವನು ಇನ್ನೂ ಬಂದಿರಲಿಲ್ಲ. ಫಾರಂನ ದಿನದ ಉಸ್ತುವಾರಿ ಸೊಸೆಯದೇ ಎಂದರು. ಪಂಚನಾಮೆ ಮುಗಿಯುವವರೆಗೂ ಅವಳು ಅಲ್ಲಿಂದ ಅಲುಗಲಿಲ್ಲ, ಒಳಗೂ ಬರಲಿಲ್ಲ. ಐದು ಕೊಂಡಿಗಳನ್ನೂ, ವಾರಕ್ಕೊಮ್ಮೆ ಸಹಿ ಮಾಡುವ ತಪಾಸಣೆ ಪುಸ್ತಕವನ್ನೂ ವಿಡಿಯೋ ಮಾಡಿ ಜಪ್ತಿ ಮಾಡಿದರು. ಕೊಂಡಿಗಳು ಮೈಸೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು.

ಗರಗಸದ ಗುಮಾನಿ ಮೊದಲು ಹೋಗಿ ನಿಂತದ್ದು ದಿಲೀಪ್ ಎಂಬವನ ಮೇಲೆ. ಆರು ವರ್ಷ ಫಾರಂನಲ್ಲಿ ಕೆಲಸ ಮಾಡಿದ್ದವನನ್ನು ಬೋರಯ್ಯ ನವೆಂಬರ್ ಮೊದಲ ವಾರದಲ್ಲಿ ಬೈದು ಓಡಿಸಿದ್ದ. ಹನ್ನೆರಡರಂದು ಮಂಗಳಮ್ಮ ಪಾಂಡವಪುರದ ಹತ್ತಿರ ಒಂದು ಆಲೆಮನೆಯಲ್ಲಿ ಅವನನ್ನು ಹಿಡಿದಳು. ಕೊಪ್ಪರಿಗೆಯ ಹಬೆಯ ಮಧ್ಯೆ ನಿಂತು ಅವನು ಬೆಲ್ಲದ ಪಾಕ ಕಲಕುತ್ತಿದ್ದ.

"ಹತ್ತನೇ ತಾರೀಕು ಬೆಳಿಗ್ಗೆ ಎಲ್ಲಿದ್ದೆ?"

"ಇಲ್ಲೇ ಮೇಡಂ. ಈ ಕೊಪ್ಪರ್ಗೆ ಬುಟ್ಟು ಓದ್ರೆ ಪಾಕ ತಳ ಇಡೀತದೆ, ಗೌಡ್ರು ನನ್ನ ತಳ ಕಿತ್ತಾಕ್ತಾರೆ. ಕೇಳಿ ಬೇಕಾದ್ರೆ."

ಆಲೆಮನೆಯ ನಾಲ್ವರೂ ಹೌದೆಂದರು. ಮಂಗಳಮ್ಮ ಮೊಬೈಲಿನಲ್ಲಿ ಮುರಿದ ದಾರಿಯ ಚಿತ್ರ ತೋರಿಸಿದಳು. ದಿಲೀಪ್ ಕಲಕುವ ಕೋಲು ನಿಲ್ಲಿಸಿದ.

"ಇದು ಮೂರ್ನೇ ಸಾಲಲ್ವಾ? ದ್ಯಾವಮ್ಮಕ್ಕ ಅಲ್ಲಿಗ್ಯಾಕೋದ್ಲು? ಅದು ರಂಜಿತಕ್ಕೋರ ಸಾಲು."

"ಅಂದರೆ?"

"ಅಕ್ಟೋಬರ್‌ನಿಂದ ಆ ಸಾಲ್ಗೆ ಅವ್ರೇ ಓಗ್ತಿದ್ದದ್ದು. ನಮ್ಮನ್ಯಾರ್ನೂ ಅತ್ತಿಸ್ತಿರ್ಲಿಲ್ಲ. ಯಜಮಾನ್ರ ಮನೆ ಎಂಗ್ಸು ಟ್ರೇ ಒರೋದಾ ಅಂತ ನಾವೇ ನಗಾಡ್ತಿದ್ವಿ."

ಮಂಗಳಮ್ಮ ಅದನ್ನು ಬರೆದುಕೊಂಡಳು. ಆಗ ಅದರ ಅರ್ಥ ಹೊಳೆಯಲಿಲ್ಲ.

ಹದಿನೈದರಂದು ನಾಗಮಂಗಲ. ಕೊಂಡಿ ಎರೆದ ಕಾಳಾಚಾರಿಯ ಕುಲುಮೆ ಒಂದು ಹಳೆಯ ಬೀದಿಯ ತುದಿಯಲ್ಲಿತ್ತು. ಹೊರಜಗುಲಿಯ ಮೇಲೆ ಉಜ್ಜದ ದೀಪಗಳು, ಗಂಟೆಗಳು, ಕೈ ಮೂಡದ ಒಂದು ದೇವಿ. ಮುದುಕ ಮುರಿದ ಕೊಂಡಿಯ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದ.

"ನಂದೇ. ಒಟ್ಟು ನಲವತ್ತೆಂಟು ಎರ್ದೆ. ಯಾಕ್ ಬೇಕು ಅಂತ ಬೋರಯ್ಯನೋರು ಏಳ್ಲಿಲ್ಲ. ತೂಗಾಕಕ್ಕೆ ಅಂದ್ರು. ತೊಟ್ಟಿಲೋ ತೂಗುಮಣೆಯೋ ಅಂದ್ಕೊಂಡೆ."

"ಕೋಳಿ ಶೆಡ್ಡಿಗೆ ಅಂತ ಯಾವಾಗ ಗೊತ್ತಾಯ್ತು?"

"ಸೆಪ್ಟೆಂಬರ್‌ನಲ್ಲಿ. ಅವ್ರ ಸೊಸೆ ಒಬ್ಳೇ ಬಸ್ಸಲ್ಲಿ ಬಂದಿತ್ತು. ಸೀಳು ಬಿಟ್ಟ ಒಂದು ಕೊಂಡಿ ತಂದಿತ್ತು. ನೋಡೀಪ್ಪ, ಇದು ನಿಮ್ಮ ತಪ್ಪಲ್ಲ, ಇದನ್ನ ಆ ಗಾಳೀಲಿ ಆಕ್ಬಾರ್ದಾಗಿತ್ತು, ನೀವೊಂದು ಮಾತು ನಮ್ಮಾವಂಗೆ ಏಳ್ಬೇಕು, ನನ್ನ ಮಾತು ಕೇಳಾಕಿಲ್ಲ ಅಂತು. ಫೋನ್ ಮಾಡ್ದೆ."

"ಏನಂದರು?"

"ಓ, ನಿನ್ನತ್ರಾನೂ ಬಂದಿದ್ಳಾ ನಮ್ ಡಿಪ್ಲೊಮಾ ಮೇಡಮ್ಮು ಅಂತ ನಕ್ಕುಬುಟ್ರು. ಆ ಎಣ್ಮಗ ಇಲ್ಲೇ ನಿಂತು ಕೇಳುಸ್ಕೊಂತು. ಸ್ಪೀಕರ್ ಆಕಿದ್ದೆ, ನನ್ನ ಕಿವಿ ಮಂದ."

ಮಾರನೆಯ ದಿನ ಮಂಗಳಮ್ಮ ರಂಜಿತಳ ಹೇಳಿಕೆ ಪಡೆಯಲು ಬೋರಯ್ಯನ ಮನೆಗೆ ಹೋದಳು. ಇಪ್ಪತ್ತೊಂಬತ್ತು ವಯಸ್ಸು, ಪಾಲಹಳ್ಳಿ ತವರು, ಮೆಕ್ಯಾನಿಕಲ್ ಡಿಪ್ಲೊಮಾ. ಮದುವೆಯಾಗಿ ಆರು ವರ್ಷ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಕೊನೆಗೆ ಎದ್ದು ಹೋಗಿ ಒಂದು ನೋಟ್‌ಬುಕ್ ತಂದು ಮುಂದಿಟ್ಟಳು. ಶೆಡ್ಡು ಕಟ್ಟುವ ಮೊದಲು, 2023ರ ಜನವರಿಯಲ್ಲಿ ಬರೆದದ್ದು. ಅಕ್ಷರ ಗುಂಡಗೆ, ಚಿತ್ರಗಳು ಸ್ಕೇಲು ಹಿಡಿದು ಬರೆದವು.

'ಕಂಬ, ತೊಲೆ: ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣ. ಬರೀ ಬಣ್ಣ ಸಾಲದು. ಚಾವಣಿ: ಅಲ್ಯೂಮಿನಿಯಂ ಶೀಟು. ಬೋಲ್ಟು, ನಟ್ಟು, ತೂಗುವ ಕೊಂಡಿ: ಸ್ಟೇನ್‌ಲೆಸ್ ಸ್ಟೀಲು. ವೈರಿಂಗು: ತಾಮ್ರ ಹೊರಗೆ ಕಾಣದಂತೆ ಮುಚ್ಚಬೇಕು. ಹಿತ್ತಾಳೆ: ಎಲ್ಲೂ ಬೇಡ.' ಕೊನೆಯ ಸಾಲಿನ ಕೆಳಗೆ ಎರಡು ಗೆರೆ.

"ಮಾವನಿಗೆ ತೋರಿಸಿದ್ರಾ?"

"ಎಲ್ಲಾರ್ಗೂ ಓದಿ ಹೇಳ್ದೆ. ಊಟದ ಹೊತ್ನಲ್ಲಿ. ಮಾವ ಇತ್ತಾಳೆ ಚೊಂಬು ಎತ್ತಿ ನೀರು ಕುಡುದ್ರು. ಕುಡ್ದು, ನೋಡು ಮಗ, ಸತ್ನಾ ಅಂದ್ರು. ಎಲ್ಲಾರೂ ನಕ್ಕರು. ಇವ್ರೂ ನಕ್ಕರು."

ಪಕ್ಕದಲ್ಲಿ ನಿಂತಿದ್ದ ಮಂಜುನಾಥ ತಲೆ ತಗ್ಗಿಸಿದ.

ವಾಪಸ್ಸು ಬರುವಾಗ ಜೀಪಿನಲ್ಲಿ ಮಂಗಳಮ್ಮ ಊಟದ ಹೊತ್ತಿನ ಆ ನಗುವನ್ನೇ ನೆನೆಯುತ್ತಿದ್ದಳು. ಆ ನಗುವನ್ನು ಅವಳು ಬಲ್ಲಳು. ಮೀಟಿಂಗಿನಲ್ಲಿ ತಾನು ಹೇಳಿದ ಮಾತಿಗೆ ಯಾರೂ ತಲೆಯೆತ್ತದೆ, ಐದು ನಿಮಿಷ ಬಿಟ್ಟು ಅದೇ ಮಾತನ್ನು ಪಕ್ಕದ ಗಂಡಸು ಹೇಳಿದಾಗ ಸಾಹೇಬರು 'ಗುಡ್ ಪಾಯಿಂಟ್' ಎಂದದ್ದು ಒಂದು ಸಲವೇ, ಎರಡು ಸಲವೇ? ಮೊದಮೊದಲು ಉರಿಯುತ್ತಿತ್ತು. ಆಮೇಲೆ ಇವರ ಬಂದೋಬಸ್ತು ಹೇಗಾದರೂ ಕೆಡಲಿ, ಆಗ ನೋಡೋಣ ಎಂದು ಒಳಗೊಳಗೇ ಕಾಯುವುದು ಅಭ್ಯಾಸವಾಯಿತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೂ ಅಲ್ಲ.

"ಬೋರಯ್ಯನ ಮೇಲೆ ಗಟ್ಟಿ ಆಯ್ತು ಬುಡಿ," ಎಂದ ಚಿಕ್ಕಮಾದಯ್ಯ. "ಗೊತ್ತಿದ್ದೂ ರಿಪೇರಿ ಮಾಡುಸ್ಲಿಲ್ಲ. ಆ ಎಣ್ಮಗಳೇ ಒಳ್ಳೆ ಸಾಕ್ಷಿ."

ಡಿಸೆಂಬರ್ ಮೂರರಂದು ಪ್ರಯೋಗಾಲಯದ ವರದಿ ಬಂತು. ಅದರ ಭಾಷೆ ಅರ್ಥವಾಗದೆ ಮಂಗಳಮ್ಮ ವಿಜ್ಞಾನಿಗೇ ಫೋನು ಮಾಡಿದಳು.

"ಗರಗಸದ ಗುರುತು ಎಲ್ಲೂ ಇಲ್ಲ ಮೇಡಂ," ಎಂದನಾತ. "ಕಬ್ಬಿಣ ಆಗಿದ್ದರೆ ತುಕ್ಕು ಹಿಡಿದು, ಸವೆದು, ನೋಡಿದವರಿಗೆ ಗೊತ್ತಾಗೋದು. ಹಿತ್ತಾಳೆಯ ಮೇಲೆ ಅಮೋನಿಯಾ ಬೇರೆ ಥರ ಕೆಲಸ ಮಾಡುತ್ತೆ. ಭಾರ ಹೊತ್ತು ಬಿಗಿದುಕೊಂಡಿರೋ ಜಾಗದಲ್ಲೇ ಕೂದಲೆಳೆಯಷ್ಟು ಬಿರುಕು ಬಿಡಿಸುತ್ತೆ. ಮೇಲೆ ಒಂಚೂರು ಕಪ್ಪಾಗಿರುತ್ತೆ ಅಷ್ಟೇ. ಆಮೇಲೆ ಒಂದು ದಿನ ಪಟ್ಟನೆ ಹೋಗುತ್ತೆ. ಉಳಿದ ಎರಡು ಸಾಲಿಗೂ ಇದೇ ಕೊಂಡಿ ಅಂದ್ರಲ್ಲ, ಅಲ್ಲಿಂದಲೂ ನಾಲ್ಕು ಕಳಿಸಿ, ಹೋಲಿಸಿ ನೋಡಬೇಕು. ಜನರನ್ನ ಮಾತ್ರ ಹತ್ತಿಸಬೇಡಿ."

ನಾಲ್ಕರಂದು ಬೆಳಿಗ್ಗೆ ಹನ್ನೊಂದಕ್ಕೆ ಪಂಚರ ಜೊತೆ ಮತ್ತೆ ಶೆಡ್ಡಿಗೆ ಹೋದರು. ಶ್ವೇತ ಏಣಿ ಹತ್ತಿ ಒಂದನೇ ಸಾಲಿನ ಕೊಂಡಿಗೆ ಪಾನಾ ಹಾಕಿ ತಿರುಗಿಸಿದಳು. ಪಾನಾ ಜಾರಿತು.

"ಮೇಡಂ," ಎಂದಳು. ದನಿ ಬದಲಾಗಿತ್ತು. "ಇದು ಹಿತ್ತಾಳೆ ಅಲ್ಲ."

ಪಾನಾ ಕೆರೆದ ಕಡೆ ಬೆಳ್ಳಗೆ ಹೊಳೆಯುತ್ತಿತ್ತು. ಶ್ವೇತ ಉಗುರಿನಿಂದ ಮತ್ತಷ್ಟು ಕೆರೆದಳು. ಮೇಲೆ ಹಿತ್ತಾಳೆ ಬಣ್ಣ, ಅದರ ಮೇಲೆ ಹಳೆಯದಾಗಿ ಕಾಣಲೆಂದು ಒರೆಸಿದ ಮಸಿ. ಒಳಗೆ ಸ್ಟೇನ್‌ಲೆಸ್ ಸ್ಟೀಲು. ಒಂದನೇ ಸಾಲಿನ ಹದಿನಾರೂ ಹಾಗೇ. ಎರಡನೇ ಸಾಲಿನ ಹದಿನಾರೂ ಹಾಗೇ. ಮೂರನೇ ಸಾಲಿನಲ್ಲಿ ಮುರಿಯದೆ ಉಳಿದ ಹನ್ನೊಂದನ್ನು ಕೆರೆದರು. ಹನ್ನೊಂದೂ ಅಪ್ಪಟ ಹಿತ್ತಾಳೆ.

ಬೋರಯ್ಯನಿಗೆ ತೋರಿಸಿದಾಗ ಅವನು ಬಾಯಿ ತೆರೆದು ನಿಂತ. ನಟನೆಯಲ್ಲ. ಮಂಜುನಾಥನಿಗೂ ಗೊತ್ತಿರಲಿಲ್ಲ. "ನಾನು ಯಾವತ್ತೂ ಮೇಲೆ ನೋಡ್ಲೇ ಇಲ್ಲ ಮೇಡಂ," ಎಂದ.

ಮಂಗಳಮ್ಮ ಮೂರನೇ ಸಾಲಿನ ಕೆಳಗೆ ನಿಂತು ಜಪ್ತಿ ಮಾಡಿದ್ದ ತಪಾಸಣೆ ಪುಸ್ತಕದ ನಕಲನ್ನು ತೆಗೆದಳು. ನವೆಂಬರ್ ಎಂಟು, ಶನಿವಾರ. 'ಸಾಲು ಒಂದು: ಸರಿ ಇದೆ. ಸಾಲು ಎರಡು: ಸರಿ ಇದೆ. ಸಾಲು ಮೂರು: ಸರಿ ಇದೆ.' ಅದೇ ಗುಂಡು ಅಕ್ಷರ, ಕೆಳಗೆ ರಂಜಿತಳ ಸಹಿ. ಆಲೆಮನೆಯ ಹಬೆಯಲ್ಲಿ ದಿಲೀಪ್ ಹೇಳಿದ ಮಾತು ಈಗ ಹೊಳೆಯಿತು. ಹೊಳೆದದ್ದು ಅವಳಿಗೆ ಇಷ್ಟವಾಗಲಿಲ್ಲ.

ಡಿಸೆಂಬರ್ ಆರು, ಶನಿವಾರ, ಮಧ್ಯಾಹ್ನ ಎರಡೂವರೆ. ಬೋರಯ್ಯನ ಮನೆಯ ಪಡಸಾಲೆ. ರಂಜಿತ ನೆಲದ ಮೇಲೆ ಕುಳಿತಿದ್ದಳು, ಮಂಗಳಮ್ಮ ಎದುರಿಗೆ ಕುರ್ಚಿಯಲ್ಲಿ. ಒಳಗಿನ ಕೋಣೆಯಲ್ಲಿ ಇಬ್ಬರು ಪಂಚರು ಮತ್ತು ಅತ್ತೆ ಜಯಲಕ್ಷ್ಮಮ್ಮನ ಎದುರಿಗೆ ಶ್ವೇತ ಶೋಧ ನಡೆಸುತ್ತಿದ್ದಳು.

"ಎರಡು ಸಾಲಿನ ಕೊಂಡಿ ಬದಲಾಯಿಸಿದ್ದು ಯಾರು?"

"ನಾನೇ."

"ಯಾವಾಗ?"

"ಸೆಪ್ಟೆಂಬರ್ ಕೊನೇಲಿ. ಮಧ್ಯಾಹ್ನ ಎಲ್ಲಾರೂ ಊಟಕ್ಕೋದಾಗ. ದಿನಕ್ಕೆ ನಾಲ್ಕು."

"ಒಬ್ಬರೇ?"

"ಏಣಿ ಇತ್ತು. ಪಾನಾ ಇತ್ತು."

"ಬಣ್ಣ ಯಾಕೆ?"

"ಮಾವ ಕಂಡ್ರೆ ಬಿಚ್ಚುಸ್ಬುಡೋರು."

"ಮೂರನೇ ಸಾಲು?"

ರಂಜಿತ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಕೊಂಡಿ ಸಾಲ್ಲಿಲ್ಲ. ಇನ್ನೂ ಬರ್ಬೇಕಾಗಿತ್ತು."

ಆಗಲೇ ಶ್ವೇತ ಹೊರಗೆ ಬಂದಳು. ಕೈಯಲ್ಲಿ ದಿನಪತ್ರಿಕೆಯಲ್ಲಿ ಸುತ್ತಿದ ಗಂಟು. ಬೀರುವಿನ ಕೆಳಗಿನ ಅರೆಯಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಸಿಕ್ಕಿತ್ತು. ಪಂಚರ ಮುಂದೆ ಬಿಚ್ಚಿದರು. ಹದಿನಾರು ಕೊಂಡಿ, ಬಿಳಿ ಸ್ಟೀಲು, ಎಣ್ಣೆಯ ಜಿಡ್ಡು ಇನ್ನೂ ಆರಿರಲಿಲ್ಲ. ಸುತ್ತಿದ ಪತ್ರಿಕೆಯ ತಾರೀಕು ಸೆಪ್ಟೆಂಬರ್ ಹತ್ತೊಂಬತ್ತು.

ಹಿತ್ತಲಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ಮೂರೂ ಸಾಲಿಗೆ ಒಟ್ಟಿಗೇ ತಂದಿದ್ದಿರಿ," ಎಂದಳು ಮಂಗಳಮ್ಮ.

"ಊಂ."

"ಹಾಕಲಿಲ್ಲ."

"ಇಲ್ಲ."

"ಯಾಕಮ್ಮ?"

ಆ 'ಅಮ್ಮ' ಅವಳ ಬಾಯಿಂದ ತಾನಾಗಿ ಬಂದಿತ್ತು. ರಂಜಿತ ತಲೆಯೆತ್ತಿದಳು. ಇಪ್ಪತ್ತಾರು ದಿನಗಳಲ್ಲಿ ಮೊದಲ ಬಾರಿಗೆ ನೇರ ಕಣ್ಣಿಗೆ ನೋಡಿದಳು.

"ಮಾವ ದಿನಾ ಅತ್ತು ಗಂಟೆಗೆ ಬಂದು ಮೂರ್ನೇ ಸಾಲಿನ ತುದೀಲೇ ಕುರ್ಚಿ ಆಕ್ಕೊಂಡು ಕೂತ್ಕೊಳ್ಳೋರು. ಅವ್ರ ಕಣ್ಮುಂದೆ ಮುರೀಲಿ ಅಂತ ಬುಟ್ಟೆ. ಎಲ್ಲಾ ಬದ್ಲಾಯಿಸ್ಬುಟ್ಟಿದ್ರೆ ಯಾವತ್ತೂ ಮುರೀತಿರ್ಲಿಲ್ಲ. ಮುರೀದಿದ್ರೆ, ನೋಡ್ದಾ, ಇತ್ತಾಳೆ ಎಂಗದೆ ಅಂತ ಸಾಯೋಗಂಟ ನಗ್ತಿದ್ರು. ನಾ ಆಕಿದ್ದ ಸ್ಟೀಲನ್ನೇ ತೋರ್ಸಿ ನಗ್ತಿದ್ರು 'ಇತ್ತಾಳೆ' ಅಂತ."

"ಅದರ ಮೇಲೆ ಓಡಾಡ್ತಿದ್ದದ್ದು ಯಾರು?"

"ನಾನೇ. ಬೇರೆಯೋರ್ನ ಬುಡ್ತಿರ್ಲಿಲ್ಲ."

"ನೀವು ಸತ್ತಿದ್ದರೆ?"

"ಮೊದ್ಲು ಭಯ ಆಗೋದು. ಆಮೇಲೆ ಆಗ್ತಿರ್ಲಿಲ್ಲ. ದಿನಾ ಆ ಅಲಗೆ ಮೇಲೆ ಕಾಲಿಡುವಾಗ, ಇವತ್ತು ಇವತ್ತು ಅನ್ಸೋದು. ಬೇರೆ ಏನೂ ಬೇಕು ಅನ್ನುಸ್ತಾನೇ ಇರ್ಲಿಲ್ಲ ಮೇಡಂ. ಅದೊಂದೇ ನಂದು ಅಂತ ಇತ್ತು."

"ಹತ್ತನೇ ತಾರೀಕು?"

"ಜ್ವರ. ಟ್ರೇ ಎತ್ಕೊಂಡೆ, ಕಣ್ಣು ಕತ್ಲೆ ಬಂತು. ದ್ಯಾವಮ್ಮಕ್ಕ ಕೈಯಿಂದ ಕಿತ್ಕೊಂಡ್ಲು. ಮೈ ಕೆಂಡ ಆಗದೆ ಕಣವ್ವ, ಕೂತ್ಕೊ, ನಿನ್ನ ಸಾಲೂ ನಾನೇ ಎತ್ಕೊಂಡ್ ಬತ್ತೀನಿ ಅಂದ್ಲು."

"ನೀವೇನಂದಿರಿ?"

ರಂಜಿತ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. ಮಂಗಳಮ್ಮ ಕಾದಳು.

"ಏನೂ ಅನ್ಲಿಲ್ಲ."

"ಆ ಬಾಗಿಲಿಂದ ಮೆಟ್ಟಿಲಿಗೆ ಎಷ್ಟು ದೂರ?"

"ನಲವತ್ತು ಎಜ್ಜೆ."

"ಕೂಗಬಹುದಿತ್ತು."

"ಬ್ಯಾಡ ಅಂದಿದ್ರೆ ಯಾಕೆ ಅಂತ ಕೇಳೋಳು. ಯಾಕೆ ಅಂತ ಏಳುದ್ರೆ ಎಲ್ಡ್ ತಿಂಗ್ಳಿಂದ ಬಚ್ಚಿಟ್ಟದ್ದೆಲ್ಲಾ ಆಚೆ ಬರೋದು. ನನ್ನ ಅಷ್ಟು ದಿನ ಒತ್ತದೆ, ಇವತ್ತೊಂದಿನ ಇವಳ್ನ ಒರಾಕಿಲ್ವಾ ಅಂದ್ಕೊಂಡೆ. ಅವ್ಳು ನನಗಿಂತ ತೂಕ ಅನ್ನೋದು ಗೊತ್ತಿತ್ತು. ಆರು ಟ್ರೇ ಒರ್ತಾಳೆ ಅನ್ನೋದೂ ಗೊತ್ತಿತ್ತು. ಮೆಟ್ಲು ಅತ್ತೋದು ಕೇಳುಸ್ತಿತ್ತು. ಅವಳ ಕಾಲುಂಗ್ರದ ಸದ್ದು. ಮಾವ ಅವತ್ತು ಬಂದೇ ಇರ್ಲಿಲ್ಲ."

ಮಂಗಳಮ್ಮ ಎದ್ದು ಹೊರಜಗುಲಿಗೆ ಬಂದಳು. ಚಿಕ್ಕಮಾದಯ್ಯ ಹಿಂದೆಯೇ ಬಂದ. ಮೂವತ್ತೈದು ವರ್ಷ ಸರ್ವಿಸು ಮಾಡಿದವನು, ಮುಖ ನೋಡಿಯೇ ಮನಸ್ಸು ತಿಳಿಯುತ್ತಿದ್ದ.

"ಮೇಡಂ, ಒಂದು ಮಾತು. ನಿರ್ಲಕ್ಷ್ಯದ ಕಲಂ ಅಂಗೇ ಇರ್ಲಿ. ಬೋರಯ್ಯ ಒಂದನೇ ಆರೋಪಿ, ಈ ಎಣ್ಮಗ ಎಲ್ಡನೇದು. ಬೇಲ್ ಸಿಕ್ತದೆ. ಬಾಳಿ ಬದುಕೋ ಎಣ್ಣು."

ಅವನು ಹೇಳಿದ್ದನ್ನೇ ಅವಳೂ ಯೋಚಿಸಿದ್ದಳು. ಈ ಮನೆಯಲ್ಲಿ ಸರಿಯಾದ ಮಾತು ಹೇಳಿದವಳು ಇವಳೊಬ್ಬಳೇ. ಶೆಡ್ಡಿನ ಒಂದೊಂದು ಮೊಳೆಗೂ ಯಾವ ಲೋಹ ಎಂದು ಬರೆದಿಟ್ಟವಳು. ಯಾರೂ ಕೇಳದ ತನ್ನ ಮಾತಿಗೆ ಸಾಕ್ಷಿಯಾಗಿ ಒಂದು ಹಲಗೆಯನ್ನು ನಿಲ್ಲಿಸಿಕೊಂಡವಳು. ಬೇರೆಯವರ ಯೋಜನೆ ಮುಗ್ಗರಿಸಲಿ ಎಂದು ಕಾದು ಕುಳಿತ ದಿನಗಳು ಮಂಗಳಮ್ಮನಿಗೂ ಇದ್ದವು. ಮುಗ್ಗರಿಸಿದವರ ಕಾಲ ಕೆಳಗೆ ಯಾರಾದರೂ ಸಿಕ್ಕರೇ ಎಂದು ಅವಳು ತಿರುಗಿ ನೋಡಿರಲಿಲ್ಲ, ಅಷ್ಟೇ ವ್ಯತ್ಯಾಸ. ಆದರೆ ನಲವತ್ತು ಹೆಜ್ಜೆಯುದ್ದಕ್ಕೂ ಕಾಲುಂಗುರದ ಸದ್ದು ಕೇಳುತ್ತಲೇ ಇತ್ತಲ್ಲ.

"ಗೊತ್ತಿರದೇ ಆಗಿದ್ದರೆ ನಿರ್ಲಕ್ಷ್ಯ," ಎಂದಳು. "ಗೊತ್ತಿತ್ತು ಮಾದಯ್ಯ. ಮುರಿಯುತ್ತೆ ಅಂತಲೇ ಬಿಟ್ಟಿದ್ಲು. ಕಲಂ 105 ಸೇರಿಸಿ, ಕೊಲೆಯಲ್ಲದ ನರಹತ್ಯೆ. ಬೋರಯ್ಯನ ಮೇಲೆ 106 ಹಾಗೇ ಇರಲಿ, ಅವರಿಗೂ ನೋಟೀಸು ಕೊಡಿ."

ಸಂಜೆ ನಾಲ್ಕು ಗಂಟೆ ಐದು ನಿಮಿಷಕ್ಕೆ ದಸ್ತಗಿರಿ ಮೆಮೋ ಬರೆದರು. ಕಾರಣಗಳನ್ನು ರಂಜಿತಳಿಗೆ ಓದಿ ಹೇಳಿ, ಗಂಡನಿಗೆ ತಿಳಿಸಿ ಸಹಿ ಪಡೆದರು. ಶ್ವೇತ ಅವಳ ತೋಳು ಹಿಡಿದಳು. ಹಿಡಿದದ್ದಕ್ಕಿಂತ ಆಸರೆ ಕೊಟ್ಟಂತಿತ್ತು. ಜಯಲಕ್ಷ್ಮಮ್ಮ ಬಾಗಿಲಿಗೆ ಒರಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಂಜುನಾಥ ಹೆಂಡತಿಯ ಚಪ್ಪಲಿ ತಂದು ಕಾಲ ಬಳಿ ಇಟ್ಟ. ಆರು ವರ್ಷಗಳಲ್ಲಿ ಅವಳಿಗಾಗಿ ಅವನು ಬಗ್ಗಿದ್ದು ಅದೇ ಮೊದಲಿರಬೇಕು.

ಅಂಗಳದಲ್ಲಿ ಬೋರಯ್ಯ ನಿಂತಿದ್ದ. ನೋಟೀಸಿನ ಕಾಗದ ಕೈಯಲ್ಲಿತ್ತು. ಒಂದು ತಿಂಗಳಲ್ಲಿ ಮುದುಕನಾಗಿದ್ದ. ಸೊಸೆ ಎದುರಿಗೆ ಬಂದಾಗ ಅವನು ಹೆಗಲ ಮೇಲಿನ ಟವಲು ಕೆಳಗಿಳಿಸಿದ. ಅವಳೂ ನಿಂತಳು. ಏನೋ ಹೇಳುತ್ತಾನೆಂದು ಎಲ್ಲರೂ ಕಾದರು. ಅವನು ತಿರುಗಿದ್ದು ಮಂಗಳಮ್ಮನ ಕಡೆ.

"ಆ ಆಚಾರಿ ಎರಕ ಸರಿಯಾಗಿ ಎರ್ದಿಲ್ಲ ಮೇಡಂ," ಎಂದ. "ಇತ್ತಾಳೇದೇನೂ ತಪ್ಪಿಲ್ಲ."

ರಂಜಿತ ನಕ್ಕಳೋ, ಉಸಿರು ಬಿಟ್ಟಳೋ ತಿಳಿಯಲಿಲ್ಲ. ಜೀಪು ಹತ್ತಿ ಕುಳಿತಳು.

ಠಾಣೆಗೆ ಬಂದು ಮಂಗಳಮ್ಮ ಕೇಸ್ ಡೈರಿ ಬರೆದಳು. ಆಸ್ತಿ ಕಲಹವಿಲ್ಲ, ಮೃತಳ ಮೇಲೆ ದ್ವೇಷವಿಲ್ಲ, ಮೃತಳೂ ಆರೋಪಿಯೂ ಸ್ನೇಹದಿಂದಿದ್ದರು ಎಂದು ಸಾಕ್ಷಿಗಳೆಲ್ಲ ಹೇಳಿದ್ದಾರೆ. ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು. ಎರಡು ಸಲ ಬರೆದು ಹೊಡೆದು ಹಾಕಿದಳು. ಮೂರನೇ ಸಲ ಬರೆದಳು: 'ತಾನು ಹೇಳಿದ್ದು ನಿಜವೆಂದು ಮನೆಯವರ ಕಣ್ಣೆದುರು ಸಾಬೀತಾಗಬೇಕೆಂಬ ಹಂಬಲದಿಂದ, ಅಪಾಯ ತಿಳಿದಿದ್ದೂ ಮೌನವಾಗಿದ್ದಳು.'

ಸೋಮವಾರ ಧನುಶ್ರೀ ಬಂದಳು. ರಂಜಿತ ಕೊಂಡಿ ಬದಲಾಯಿಸದೆ ಬಿಟ್ಟದ್ದನ್ನು ಮಂಗಳಮ್ಮ ಬಿಡಿಸಿ ಹೇಳಿದಳು.

"ಅಂಗಾರೆ ನಮ್ಮವ್ವಂದೇನೂ ತಪ್ಪಿಲ್ಲ."

"ಇಲ್ಲ. ಹಾಗಂತ ಕೋರ್ಟಿಗೆ ಬರೆದು ಕೊಟ್ಟಿದ್ದೀನಿ."

"ರಂಜಿತಕ್ಕ ನಮ್ಮವ್ವಂಗೆ ಸೀರೆ ಕೊಟ್ಟಿತ್ತು, ಅಬ್ಬಕ್ಕೆ." ಧನುಶ್ರೀ ಮೇಜಿನ ಅಂಚನ್ನೇ ನೋಡುತ್ತಿದ್ದಳು. "ಅವ್ವ ಆ ಸಾಲ್ಗೆ ಓಗೋ ಅಂಗೇ ಇರ್ಲಿಲ್ಲ ಅಲ್ವಾ ಮೇಡಂ? ಯಾಕೋದ್ಲು?"

ಇದನ್ನು ಹೇಳದೆ ಬಿಡಬಹುದೇ ಎಂದು ಮಂಗಳಮ್ಮ ಒಂದು ಕ್ಷಣ ನೋಡಿದಳು. ಮೌನದಿಂದ ಆದದ್ದು ಸಾಕಿತ್ತು.

"ಆ ಹುಡುಗಿಗೆ ಜ್ವರ ಇತ್ತು. ಕೂತ್ಕೊ, ನಾನೇ ಹೋಗ್ತೀನಿ ಅಂದಳಂತೆ."

ಧನುಶ್ರೀ ತಲೆಯಾಡಿಸಿದಳು. ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲಿಲ್ಲ.

"ಅವ್ವ ಅಂಗೇ," ಎಂದಳು. "ಮನೇಲೂ ಅಂಗೇ."

ಎದ್ದು, ಕುರ್ಚಿಯನ್ನು ಇದ್ದಲ್ಲಿಗೆ ಸರಿಸಿ, ಎರಡನೇ ಪಾಳಿಯ ಬಸ್ಸಿಗೆ ಹೊರಟಳು.